ಕೌದಿಗೆ ಇಸ್ತ್ರಿ ಬೇಕೆ?



ಕೌದಿ ನಮಗೆ ಹೊಸದಲ್ಲ. ಅವ್ವನ ಹಳೇ ಸೀರೆ, ಅಪ್ಪನ ಧೋತರ, ಮಕ್ಕಳ ಹರಿದ ಅಂಗಿ ಎಲ್ಲಾ ಅದರಲ್ಲಿ ಸೇರುತ್ತವೆ.

ಹೋದ ಚಳಿಗಾಲದಲ್ಲಿ ಬ್ಯಾಡಗಿ ಹತ್ತಿರದ ನಮ್ಮ ಕಲಿಕಾ ಕೇಂದ್ರದಲ್ಲಿ ಒಂದು ಕೂಸಿನ ಕೌದಿ ಹೊಲಿದೆವು. ನಮ್ಮ ಜೊತೆ ಓದುವ ಒಬ್ಬಾಕೆಯ ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು. ಹಗಲೆಲ್ಲ ಮೆಣಸಿನಕಾಯಿ ತೊಟ್ಟು ಬಿಡಿಸಿದವರು ಸಂಜೆ ಸೂಜಿ ಹಿಡಿದರು. ಎರಡು ಸಲ ಸಾಬೂನು ಹಚ್ಚಿ ಕೈ ತೊಳೆದ ಮೇಲೆಯೇ! ಚೂರು ಬಟ್ಟೆ ರಾಣೆಬೆನ್ನೂರಿನ ಟೇಲರ್ ಒಬ್ಬರು ಕೊಟ್ಟರು. ಹಾವೇರಿಯ ಒಬ್ಬ ಅಕ್ಕ ಮಷಿನ್ ಮೇಲೆ ಸಾಲು ಜೋಡಿಸಿ ಕೊಟ್ಟರು.

ಒಂದು ಸಾಲಿಗೆ 10 ತುಂಡು. ಎಲ್ಲಾ 4 ಇಂಚಿನವು. ಆದರೂ ಸಾಲುಗಳನ್ನು ಪಕ್ಕಕ್ಕಿಟ್ಟರೆ ಒಂದು ಉದ್ದ, ಒಂದು ಗಿಡ್ಡ!

"ಇಸ್ತ್ರಿ ಮಾಡಬೇಕಿತ್ತು" ಎಂದರು ಒಬ್ಬರು.

"ನಮ್ಮವ್ವ ಎಂದೂ ಇಸ್ತ್ರಿ ಮುಟ್ಟಿಲ್ಲರಿ ಅಕ್ಕೋರ. ಉಗುರಿನಾಗ ಒತ್ತತಿದ್ಲು" ಎಂದರು ಇನ್ನೊಬ್ಬರು.

ಇಬ್ಬರ ಮಾತೂ ಖರೆ. ಹೆಂಗೆ? ನೋಡೋಣ.

ಕೈಕೌದಿಯಲ್ಲಿ ಕೆಳಗೆ ಹಳೇ ಬಟ್ಟೆ ಹಾಸುತ್ತೇವೆ. ಅದರ ಮೇಲೆ ತುಂಡು ಇಡುತ್ತೇವೆ. ಅಂಚು ಒಳಗೆ ಮಡಚುತ್ತೇವೆ, ಉಗುರಿನಿಂದ ಗೀರಿ ಒತ್ತುತ್ತೇವೆ, ಅಲ್ಲೇ ಹೊಲಿಯುತ್ತೇವೆ. ಮಡಿಕೆ ಬಿಚ್ಚಿಕೊಳ್ಳಲು ಹೊತ್ತೇ ಇಲ್ಲ. ಇದಕ್ಕೆ ಇಸ್ತ್ರಿ ಬೇಡ. ನಮ್ಮ ಪಕ್ಕದ ಮುಂಡಗೋಡ, ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಣ್ಣುಮಕ್ಕಳು ಕೂಡ ಹೀಗೇ ಅಂಚು ಮಡಚಿ ಕೈಯಲ್ಲೇ ಹೊಲಿಯುತ್ತಾರೆ. ಅಂಚಿನಿಂದ ಸುತ್ತುತ್ತ ನಡುವಿಗೆ ಬರುತ್ತಾರೆ. 2011ರಲ್ಲಿ ಅವರ ಕೌದಿಗಳನ್ನು ಅಮೆರಿಕದ ನ್ಯೂಯಾರ್ಕ್ ಊರಿನಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದರು!

ಮಷಿನ್ ಹೊಲಿಗೆ ಬೇರೆ. ಮೊದಲು ತುಂಡಿಗೆ ತುಂಡು, ಆಮೇಲೆ ಸಾಲಿಗೆ ಸಾಲು. ಜೋಡಿಸಿದ ಕಡೆ ಬಟ್ಟೆ ಪೂರಾ ಬಿಚ್ಚಿಕೊಳ್ಳದಿದ್ದರೆ ದಾರದಷ್ಟು ಬಟ್ಟೆ ಮಡಿಕೆಯಲ್ಲಿ ಅಡಗುತ್ತದೆ. ಒಂದು ಕಡೆ ದಾರದಷ್ಟು. ಒಂಬತ್ತು ಕಡೆ ಸೇರಿದರೆ ಬೆರಳಗಲ! ನಮ್ಮ ಸಾಲು ಗಿಡ್ಡ ಆದದ್ದು ಹೀಗೆ. ಅದಕ್ಕೇ ಒಂದು ಸಾಲು ಮುಗಿದ ಕೂಡಲೆ, ಮುಂದಿನ ಸಾಲಿಗೆ ಜೋಡಿಸುವ ಮೊದಲೇ ಒತ್ತಬೇಕು.

ಇಸ್ತ್ರಿ ಎಳೆದಾಡಬಾರದು. ಎಳೆದರೆ ಓರೆಯಾಗಿ ಕತ್ತರಿಸಿದ ತುಂಡು ಜಗ್ಗಿ ಸೊಟ್ಟ ಆಗುತ್ತದೆ. ಇಟ್ಟು, ಒತ್ತಿ, ಎತ್ತಬೇಕು. ಒಳಗಿನ ಅಂಚನ್ನು ದಟ್ಟ ಬಣ್ಣದ ತುಂಡಿನ ಕಡೆ ಮಲಗಿಸಿರಿ, ಬಿಳಿ ಬಟ್ಟೆಯಲ್ಲಿ ಕಪ್ಪು ಇಣುಕುವುದಿಲ್ಲ. ಆಗುವುದಾದರೆ ಒಂದು ಸಾಲು ಎಡಕ್ಕೆ, ಮುಂದಿನದು ಬಲಕ್ಕೆ ಮಲಗಲಿ. ಕೂಡುವ ಮೂಲೆ ದಪ್ಪ ಆಗುವುದಿಲ್ಲ, ಸೂಜಿ ಸಲೀಸಾಗಿ ಇಳಿಯುತ್ತದೆ.

ಇಸ್ತ್ರಿ ಇಲ್ಲವೆ? ಹಿಂದೆ ತಂಬಿಗೆಯಲ್ಲಿ ಕೆಂಡ ತುಂಬಿ ಅಂಗಿ ಒತ್ತುತ್ತಿದ್ದರು. ಅಷ್ಟೆಲ್ಲ ಬೇಡ. ಸಾಲನ್ನು ನೀಟಾಗಿ ಹಾಸಿ, ರಾತ್ರಿ ಹಾಸಿಗೆ ಕೆಳಗೆ ಇಟ್ಟು ಮಲಗಿರಿ.

ನಾವು ಮಾಡಿದ ತಪ್ಪನ್ನೂ ಹೇಳುತ್ತೇವೆ. ಎಲ್ಲಾ ಸಾಲಿಗೂ ಒಂದೇ ಕಾವಿನಲ್ಲಿ ಇಸ್ತ್ರಿ ಇಟ್ಟೆವು. ನಡುವೆ ಒಂದು ನೈಲಾನ್ ತುಂಡು ಇತ್ತು. ಚುರ್ ಎಂದು ಕರಗಿ ಇಸ್ತ್ರಿಗೆ ಅಂಟಿತು. ಅದು ಬಸುರಿಯ ಅಜ್ಜಿಯ ಸೀರೆ. ಅಜ್ಜಿ ತೀರಿಹೋಗಿದ್ದರು. ಸೀರೆಯಲ್ಲಿ ಉಳಿದದ್ದೂ ಅಷ್ಟೇ ಚೂರು. ತಾಯಿ ಒಂದು ಮಾತೂ ಆಡಲಿಲ್ಲ. ನಮಗೆ ಮುಖ ಎತ್ತಲು ಆಗಲಿಲ್ಲ.

ಬಟ್ಟೆ ಯಾವುದು ಎಂದು ಮೊದಲೇ ನೋಡಬೇಕಿತ್ತು. ಒಂದು ಎಳೆ ತೆಗೆದು, ಇಕ್ಕಳದಲ್ಲಿ ಹಿಡಿದು, ತಟ್ಟೆಯ ಮೇಲೆ ಸುಟ್ಟು ನೋಡ್ರಿ. ಹತ್ತಿ ಕಾಗದದಂತೆ ಉರಿದು ಬೂದಿ ಆಗುತ್ತದೆ. ನೈಲಾನ್ ಮುದುಡಿ ಗಟ್ಟಿ ಗುಂಡಾಗುತ್ತದೆ. ಅಂಥ ಬಟ್ಟೆಗೆ ಉಗುರೇ ಸಾಕು. ಮಕ್ಕಳು ಹತ್ತಿರ ಇರಬಾರದು.

ಕರಗಿದ ಅಂಚು ಒಣಗಿ ಮುಳ್ಳಿನಂತೆ ಆಗಿತ್ತು. ಕೂಸಿಗೆ ಚುಚ್ಚೀತು ಎಂದು ಪೂರಾ ಕತ್ತರಿಸಿದೆವು. ಮೂರು ಬೆರಳಗಲದ ಚೂರು ಉಳಿಯಿತು. ಅದನ್ನು ತಾಯಿಯೇ ಉಗುರಿನಿಂದ ಮಡಚಿ, ಕೌದಿಯ ನಟ್ಟನಡುವೆ ಕೈಯಿಂದ ಹೊಲಿದರು.

ಲೆಕ್ಕ ಮಾಡಿ ಬರೆಯಿರಿ:
4 ಇಂಚಿನ ತುಂಡಿನಲ್ಲಿ ಎರಡೂ ಬದಿ ಕಾಲು ಇಂಚು ಹೊಲಿಗೆಗೆ ಹೋದರೆ ಎಷ್ಟು ಉಳಿಯಿತು? ಅಂಥ 10 ತುಂಡು ಸೇರಿದರೆ ಸಾಲು ಎಷ್ಟು ಇಂಚು?