ಮುಂಗಡ ಕೊಡುವ ಮೊದಲೇ ಕೇಳಿ

ಹಿಟ್ಟಿನ ಗಿರಣಿಯನ್ನೋ ರೊಟ್ಟಿ ವ್ಯಾಪಾರವನ್ನೋ ಶುರುಮಾಡುವವರಲ್ಲಿ ಅನೇಕರು ಮೊದಲು ಮಳಿಗೆಗೆ ಮುಂಗಡ ಕೊಟ್ಟು, ಯಂತ್ರ ತರಿಸಿ, ಕೈ ಬರಿದಾದ ಮೇಲೆ ಸಲಹೆ ಕೇಳಲು ಹೊರಡುತ್ತಾರೆ. ಈ ಕ್ರಮವೇ ತಲೆಕೆಳಗು. ಕೇಂದ್ರ ಸರ್ಕಾರದ ಪಿಎಂಇಜಿಪಿ (ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ) ಯೋಜನೆಯ ಆರಂಭಿಕ ಸಹಾಯಧನ ಇರುವುದೇ ಹೊಸ ಘಟಕಗಳಿಗೆ. ಆಗಲೇ ಬಾಗಿಲು ತೆರೆದು ಕೂತವರಿಗೆ ಅದು ತಪ್ಪಿಹೋಗುತ್ತದೆ. ಯಂತ್ರ ಮಾರುವವರೂ ಸಲಹೆ ಕೊಡುತ್ತಾರೆ, ನಿಜ. ಆದರೆ ಅವರ ಲೆಕ್ಕದಲ್ಲಿ ಯಂತ್ರ ದಿನವಿಡೀ ಓಡುತ್ತದೆ, ಕರೆಂಟು ಹೋಗುವುದಿಲ್ಲ, ಉದ್ರಿಯಂತೂ ಇಲ್ಲವೇ ಇಲ್ಲ!

ಸರ್ಕಾರಿ ಕಚೇರಿಗೆ ಹೋದರೆ ಅಲೆದಾಡಿಸುತ್ತಾರೆ ಎನ್ನುತ್ತೀರಿ. ಪೂರಾ ಸುಳ್ಳಲ್ಲ. ಆದರೆ ಜಿಲ್ಲಾ ಕೈಗಾರಿಕಾ ಕೇಂದ್ರವೊಂದೇ ದಾರಿಯಲ್ಲ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲೇ ಇಂದು ಜಿಲ್ಲೆಗಳಲ್ಲಿ ಬ್ಯಾಂಕುಗಳು ಸ್ವಉದ್ಯೋಗ ತರಬೇತಿ ಕೇಂದ್ರಗಳಾದ ಆರ್‌ಸೆಟಿಗಳನ್ನು ನಡೆಸುತ್ತಿವೆ. ಗ್ರಾಮೀಣ ಯುವಕ ಯುವತಿಯರಿಗೆ ಅಲ್ಲಿ ತರಬೇತಿ, ಊಟ, ವಸತಿ ಉಚಿತ. ತರಬೇತಿ ಮುಗಿದ ಮೇಲೂ ಬೆನ್ನಿಗಿದ್ದು ವಿಚಾರಿಸಿಕೊಳ್ಳುತ್ತಾರೆ. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿಗೂ ಶುಲ್ಕವಿಲ್ಲ. ಅದಕ್ಕೆಂದು ಸಾವಿರಾರು ರೂಪಾಯಿ ಕೇಳುವ ಏಜೆಂಟರಿಗೆ ಕೈಮುಗಿದುಬಿಡಿ. ಬಾಡಿಗೆ, ಕರೆಂಟು ಬಿಲ್ಲು, ಕೂಲಿ, ನಿಲ್ಲಬಹುದಾದ ಉದ್ರಿ ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಮೊದಲು ಆರ್‌ಸೆಟಿಗೆ ಹೋಗಿ. ಅಲ್ಲಿಯವರೆಗೆ ಮುಂಗಡದ ದುಡ್ಡು ನಿಮ್ಮ ಖಾತೆಯಲ್ಲೇ ಇರಲಿ.