ಭೋಗ್ಯಕ್ಕೆ ಸಿಕ್ಕ ವಿಳಾಸ

ಭಾನುವಾರ ಬೆಳಿಗ್ಗೆ ಏಳಕ್ಕೆ ಫೋನ್ ಬಂತು. "ಸರ್, ಹೊಸ ವಿಎಂ ಎದ್ದಿದೆ, ಡ್ಯಾಶ್‌ಬೋರ್ಡಲ್ಲಿ ಐಪಿನೂ ತೋರಿಸ್ತಿದೆ. ಆದ್ರೆ ಪಿಂಗ್ ಆಗ್ತಿಲ್ಲ."

ಓಪನ್‌ಸ್ಟ್ಯಾಕ್ ಬಳಸಿ ನಮ್ಮ ಸಂಸ್ಥೆಯೊಳಗೇ ಕಟ್ಟಿಕೊಂಡ ಖಾಸಗಿ ಕ್ಲೌಡ್ ಅದು. ಅದರ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ನನ್ನದು. ಹಳೆಯ ವಿಎಂಗಳ ಗತಿ ಏನೆಂದು ಕೇಳಿದೆ. "ಅವೆಲ್ಲ ಚೆನ್ನಾಗಿವೆ ಸರ್" ಅಂದ. ಆ ಉತ್ತರ ಕೇಳಿ ನಾನು ನಿರಾಳನಾದೆ. ಅಲ್ಲೇ ದಾರಿ ತಪ್ಪಿದೆ.

ಹಳೆಯವು ಓಡುತ್ತಿವೆ, ಹೊಸದು ಮಾತ್ರ ಇಲ್ಲ ಅಂದರೆ ತೊಂದರೆ ಹೊಸದರಲ್ಲೇ ಇರಬೇಕು ಅಂದುಕೊಂಡು ಇಮೇಜ್ ಬದಲಿಸಿದೆ. ಸೆಕ್ಯೂರಿಟಿ ಗ್ರೂಪ್ ನೋಡಿದೆ. ವಿಎಂ ಅಳಿಸಿ ಮತ್ತೆ ಮಾಡಿದೆ. ಡಿಎಚ್‌ಸಿಪಿ ಏಜೆಂಟನ್ನು ರೀಸ್ಟಾರ್ಟ್ ಮಾಡಿದೆ. ಪಟ್ಟಿಯಲ್ಲಿ ಎಲ್ಲ ಏಜೆಂಟ್‌ಗಳೂ ಜೀವಂತವಾಗಿದ್ದವು. ಆದರೆ ಏಜೆಂಟ್ ತಾನು ಬದುಕಿದ್ದೇನೆಂದು ಹೇಳಿಕೊಳ್ಳುವುದು ಮ್ಯಾನೇಜ್‌ಮೆಂಟ್ ನೆಟ್‌ವರ್ಕ್ ಮೂಲಕ. ವಿಎಂಗಳ ದಾರಿಯೇ ಬೇರೆ. ಇದು ಗೊತ್ತಿದ್ದೂ ಆ ಹೊತ್ತಿಗೆ ತಲೆಗೆ ಬರಲಿಲ್ಲ.

ಕೊನೆಗೆ ಕನ್ಸೋಲ್ ತೆರೆದು ಒಳಗೆ ಲಾಗಿನ್ ಆದೆ. ಇಂಟರ್‌ಫೇಸ್ ಎದ್ದಿತ್ತು, ಮ್ಯಾಕ್ ವಿಳಾಸ ಸರಿಯಿತ್ತು, ಐಪಿ ಇರಬೇಕಾದ ಸಾಲೇ ಇರಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಕಂಡದ್ದು ಓಪನ್‌ಸ್ಟ್ಯಾಕಿನ ನೆಟ್‌ವರ್ಕ್ ಭಾಗವಾದ ನ್ಯೂಟ್ರಾನ್ ತನ್ನ ಡೇಟಾಬೇಸಿನಲ್ಲಿ ಆ ಪೋರ್ಟಿಗೆ ಕಾದಿರಿಸಿದ ವಿಳಾಸ. ವಿಎಂ ಎದ್ದಮೇಲೆ ಕೇಳಬೇಕು, ಡಿಎಚ್‌ಸಿಪಿ ಕೊಡಬೇಕು, ಆಗಲೇ ಅದು ಅದರದ್ದಾಗುವುದು. ಡ್ಯಾಶ್‌ಬೋರ್ಡಿನ ಐಪಿ ನೋಡಿ ನೆಮ್ಮದಿಪಟ್ಟವರನ್ನು ಆಮೇಲೂ ಎಷ್ಟೋ ಸಲ ಕಂಡಿದ್ದೇನೆ.

ಇಮೇಜ್ ತಪ್ಪೋ ನೆಟ್‌ವರ್ಕ್ ತಪ್ಪೋ ತಿಳಿಯಲೆಂದು ಅದೇ ನೆಟ್‌ವರ್ಕಿನ ಹಳೆಯ ಟೆಸ್ಟ್ ವಿಎಂ ಒಂದನ್ನು ರೀಬೂಟ್ ಮಾಡಿದೆ. ಅದೂ ಐಪಿ ಇಲ್ಲದೆ ಎದ್ದಿತು. ಅದನ್ನು ನಂಬಿ ಕೆಲಸಕ್ಕೆ ಕೂತಿದ್ದ ತಂಡಕ್ಕೆ ಫೋನ್ ಮಾಡಿ ಕ್ಷಮೆ ಕೇಳಬೇಕಾಯಿತು. ಆದರೆ ಚಿತ್ರ ಅಲ್ಲಿಂದ ತಿರುಗಿತು. ಹಳೆಯವು ಚೆನ್ನಾಗಿರಲಿಲ್ಲ, ಹಳೆಯ ಲೀಸಿನ ಮೇಲೆ ದಿನ ದೂಡುತ್ತಿದ್ದವು.

ಬೆಂಗಳೂರಿನಲ್ಲಿ ಮನೆ ಭೋಗ್ಯಕ್ಕೆ ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡಿಎಚ್‌ಸಿಪಿ ಕೊಡುವ ವಿಳಾಸ ಕ್ರಯಕ್ಕಲ್ಲ, ಭೋಗ್ಯಕ್ಕೆ. ನ್ಯೂಟ್ರಾನಿನಲ್ಲಿ ಆ ಅವಧಿ ನಾವು ಬದಲಿಸದಿದ್ದರೆ 86,400 ಸೆಕೆಂಡು, ಅಂದರೆ ಒಂದು ದಿನ. ಅರ್ಧ ಅವಧಿ ಕಳೆದಾಗ ಯಂತ್ರ ತನಗೆ ವಿಳಾಸ ಕೊಟ್ಟ ಸರ್ವರನ್ನೇ ನೇರವಾಗಿ ಕೇಳಿ ನವೀಕರಿಸಿಕೊಳ್ಳಲು ನೋಡುತ್ತದೆ. ಉತ್ತರ ಬಾರದಿದ್ದರೆ ಶೇಕಡಾ 87.5 ಅವಧಿ ಕಳೆದ ಮೇಲೆ ಇಡೀ ನೆಟ್‌ವರ್ಕಿಗೆ ಕೇಳುವಂತೆ ಕೂಗುತ್ತದೆ. ಆಗಲೂ ಯಾರೂ ಓಗೊಡದಿದ್ದರೆ ಅವಧಿ ಮುಗಿದ ಕ್ಷಣ ವಿಳಾಸ ಬಿಟ್ಟುಕೊಡಬೇಕು. 1997ರ ಆರ್‌ಎಫ್‌ಸಿ 2131ರಲ್ಲಿ ಇದೆಲ್ಲ ಸ್ಪಷ್ಟವಾಗಿದೆ.

ಲೆಕ್ಕ ಹಾಕಿದೆ. ಹಿಂದಿನ ರಾತ್ರಿ ಹತ್ತೂವರೆಗೆ ಒಂದು ರ‍್ಯಾಕಿನ ಸ್ವಿಚ್ ಬದಲಾಯಿಸಲಾಗಿತ್ತು. ಕೆಟ್ಟದ್ದು ಆಗಲೇ ಎಂದಾದರೆ, ಅದಕ್ಕೆ ಹನ್ನೆರಡು ಗಂಟೆ ಹಿಂದೆ ನವೀಕರಿಸಿಕೊಂಡಿದ್ದ ಯಂತ್ರಗಳ ಅವಧಿ ಇನ್ನೇನು ಹತ್ತೂವರೆಗೆ ಮುಗಿಯುತ್ತದೆ. ಆಮೇಲೆ ರಾತ್ರಿಯವರೆಗೂ ಒಂದರ ಹಿಂದೊಂದು ಬೀಳುತ್ತವೆ. ಆ ನೆಟ್‌ವರ್ಕಿನಲ್ಲಿ ಅರವತ್ತಕ್ಕೂ ಹೆಚ್ಚು ವಿಎಂಗಳಿದ್ದವು. ಗಡಿಯಾರ ಒಂಬತ್ತೂ ಹತ್ತು ತೋರಿಸುತ್ತಿತ್ತು.

ಊಹೆ ಬಿಟ್ಟು ಪ್ಯಾಕೆಟ್ ಹಿಂದೆ ಹೊರಟೆ. ಮೊದಲು ಕಂಪ್ಯೂಟ್ ನೋಡಿನಲ್ಲಿ, ವಿಎಂಗೆ ಸೇರಿದ ಟ್ಯಾಪ್ ಇಂಟರ್‌ಫೇಸಿನ ಮೇಲೆ ಟಿಸಿಪಿಡಂಪ್ ಹಾಕಿದೆ, 67 ಮತ್ತು 68ನೇ ಪೋರ್ಟ್ ಮಾತ್ರ. ಪರದೆಯ ಮೇಲೆ ಡಿಸ್ಕವರ್ ಬಂತು. ಕೆಲವು ಸೆಕೆಂಡು ಬಿಟ್ಟು ಇನ್ನೊಂದು. ಅಂತರ ಹೆಚ್ಚುತ್ತಾ ಮತ್ತೊಂದು. ಮಗು ಕೋಣೆಯೊಳಗಿಂದ ಅಮ್ಮನನ್ನು ಕರೆದ ಹಾಗೆ ಅದು ಕರೆಯುತ್ತಲೇ ಇತ್ತು. ಆಫರ್ ಒಂದೂ ಇಲ್ಲ. ಅದೇ ನೋಡಿನ ಭೌತಿಕ ಪೋರ್ಟಿನಲ್ಲಿ ನೋಡಿದೆ, 214ನೇ ವಿಲ್ಯಾನ್ ಟ್ಯಾಗ್ ಹೊತ್ತು ಡಿಸ್ಕವರ್ ಹೊರಹೋಗುತ್ತಿತ್ತು. ಇಷ್ಟಕ್ಕೇ ಇಮೇಜ್, ಸೆಕ್ಯೂರಿಟಿ ಗ್ರೂಪ್ ಎರಡೂ ಆರೋಪಮುಕ್ತವಾದವು. ನಂತರ ಡಿಎಚ್‌ಸಿಪಿ ಏಜೆಂಟ್ ಇದ್ದ ನೆಟ್‌ವರ್ಕ್ ನೋಡಿನ ಭೌತಿಕ ಪೋರ್ಟ್. ಬೇರೆ ವಿಲ್ಯಾನ್‌ಗಳ ಪ್ಯಾಕೆಟ್‌ಗಳು ಧಾರಾಳವಾಗಿ ಬರುತ್ತಿದ್ದವು, 214ರದ್ದು ಒಂದೂ ಇಲ್ಲ. ಅಲ್ಲಿ ಕೂತು ವಿಳಾಸ ಹಂಚುವ ಡಿಎನ್‌ಎಸ್‌ಮಾಸ್ಕ್ ಕೊಡಲು ಸಿದ್ಧವಾಗಿಯೇ ಇತ್ತು, ಕೇಳುವ ದನಿಯೇ ಅದಕ್ಕೆ ಮುಟ್ಟುತ್ತಿರಲಿಲ್ಲ.

ಎರಡು ನೋಡುಗಳ ನಡುವೆ ಇದ್ದದ್ದು ಸ್ವಿಚ್ ಒಂದೇ. ನೆಟ್‌ವರ್ಕ್ ವಿಭಾಗದ ಮೇಡಂಗೆ ಫೋನ್ ಮಾಡಿದೆ. ಅವರು ಲಾಗಿನ್ ಆಗಿ ನೋಡಿ, "ಈ ಪೋರ್ಟಿನ ಟ್ರಂಕಲ್ಲಿ 214 ಬಿಟ್ಟುಹೋಗಿದೆ, ಸೇರಿಸ್ಲಾ?" ಅಂದರು. ಸೇರಿಸಿದರು. ನನ್ನ ಪರದೆಯ ಮೇಲೆ ಡಿಸ್ಕವರ್, ಆಫರ್, ರಿಕ್ವೆಸ್ಟ್, ಆಕ್ ನಾಲ್ಕೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದವು. ಒಂಬತ್ತೂ ಐವತ್ತು.

ಈ ನೆಟ್‌ವರ್ಕಿನ ಗೇಟ್‌ವೇ ಹೊರಗಿನ ರೂಟರಿನಲ್ಲಿದ್ದುದರಿಂದ ವಿಎಂಗಳ ಉಳಿದ ಸಂಚಾರವೆಲ್ಲ ನೆಟ್‌ವರ್ಕ್ ನೋಡನ್ನು ಮುಟ್ಟದೆ ನಡೆಯುತ್ತಿತ್ತು. ಕಡಿದುಹೋದದ್ದು ಡಿಎಚ್‌ಸಿಪಿಯ ಎಳೆ ಮಾತ್ರ. ರಾತ್ರಿಯಿಡೀ ಯಾರಿಗೂ ಏನೂ ಅನಿಸದಿದ್ದುದು ಅದಕ್ಕೇ.

ಸ್ವಿಚ್ ಬದಲಾಯಿಸಿದವರನ್ನು ನಾನು ದೂರುವುದಿಲ್ಲ. ಅವರು ಕೈಯಲ್ಲಿದ್ದ ದಾಖಲೆಯಂತೆ ಟ್ರಂಕ್ ಬರೆದಿದ್ದರು. 214 ಹುಟ್ಟಿದ್ದು ಆ ದಾಖಲೆ ಬರೆದ ಮೇಲೆ. ಹುಟ್ಟಿಸಿದವನು ನಾನು, ದಾಖಲೆಗೆ ಸೇರಿಸದೆ ಬಿಟ್ಟವನೂ ನಾನೇ.

ಆಮೇಲೆ ಪ್ರತಿ ನೆಟ್‌ವರ್ಕಿಗೂ ಎರಡು ಡಿಎಚ್‌ಸಿಪಿ ಏಜೆಂಟ್ ಇರುವಂತೆ ಮಾಡಿ, ಅವನ್ನು ಬೇರೆ ಬೇರೆ ರ‍್ಯಾಕಿನಲ್ಲಿಟ್ಟೆವು. ಗಂಟೆಗೊಮ್ಮೆ ಪ್ರತಿ ವಿಲ್ಯಾನ್‌ನಲ್ಲೂ ಒಂದು ಡಿಸ್ಕವರ್ ಕಳಿಸಿ, ಆಫರ್ ಬಾರದಿದ್ದರೆ ನಮ್ಮನ್ನು ಎಬ್ಬಿಸುವ ಪುಟ್ಟ ಸ್ಕ್ರಿಪ್ಟ್ ಬರೆದೆ. ವಿಎಂಗೆ ಐಪಿ ಬರುತ್ತಿಲ್ಲ ಎಂದು ಈಗ ಯಾರೇ ಕರೆದರೂ ಏನನ್ನೂ ರೀಸ್ಟಾರ್ಟ್ ಮಾಡುವ ಮೊದಲು ಟ್ಯಾಪ್ ಮೇಲೆ ಟಿಸಿಪಿಡಂಪ್ ಹಾಕುತ್ತೇನೆ.

ಇಂಥ ಕ್ಲೌಡ್ ನೋಡಿಕೊಳ್ಳುವವರು ನೀವಾಗಿದ್ದರೆ, ನಿಮ್ಮಲ್ಲಿ ಲೀಸಿನ ಅವಧಿ ಎಷ್ಟಿದೆ ಎಂದು ಇವತ್ತೇ ನೋಡಿ, ಎಲ್ಲರಿಗೂ ಕಾಣುವ ಕಡೆ ಬರೆದಿಡಿ. ಡಿಎಚ್‌ಸಿಪಿ ಕೆಟ್ಟ ದಿನ ನೀವು ನೆಚ್ಚಿಕೊಳ್ಳಬಹುದಾದ ಸಮಯ ಅದರ ಅರ್ಧ ಮಾತ್ರ.