ಕಸಿ ಚಾಕುವಿಗೆ ಕೊಬ್ಬರಿ ಎಣ್ಣೆ ಹಾಕುವವರ ಗಮನಕ್ಕೆ

ಕಬ್ಬಿಣ ಅಂದಮೇಲೆ ಕೊಬ್ಬರಿ ಎಣ್ಣೆ ಎನ್ನುವುದು ನಮ್ಮ ಭಾವನ ಸಿದ್ಧಾಂತ. ಕತ್ತಿ, ಗರಗಸ, ಗೇಟಿನ ಚಿಲಕ, ಎಲ್ಲಕ್ಕೂ ಅದೇ. ಕತ್ತಿಗಾದರೆ ಸರಿ, ಅದಕ್ಕೆ ಕೀಲಿಲ್ಲ. ನಾನು ಊರಲ್ಲಿಲ್ಲದಾಗ ನನ್ನ ಮಡಚುವ ಕಸಿ ಚಾಕುವಿನ ಕೀಲಿಗೂ ಧಾರಾಳವಾಗಿ ಹೊಯ್ದು ಪೆಟ್ಟಿಗೆಯಲ್ಲಿಟ್ಟಿದ್ದ.

ಆಷಾಢದ ಜಡಿಮಳೆ. ಹೊಳೆದಂಡೆಯ ಹಳೇ ಅಪ್ಪೆಮಾವಿನ ಮರದಿಂದ ಕಸಿಗೆಂದು ಕಡ್ಡಿ ಇಳಿಸಿದ್ದೆವು. ಮರ ಹತ್ತಿದ ಹುಡುಗನಿಗೆ ಚಗಳಿ ಇರುವೆ ಕಚ್ಚಿ ಮೈಯೆಲ್ಲ ದದ್ದು. ಒದ್ದೆ ಗೋಣಿಯಲ್ಲಿ ಸುತ್ತಿಟ್ಟರೂ ಕಡ್ಡಿ ಹೆಚ್ಚು ಹೊತ್ತು ಕಾಯುವುದಿಲ್ಲ. ಚಾಕು ತೆಗೆದು ಅಲಗಿನ ಗೀರಿಗೆ ಉಗುರು ಕೊಟ್ಟು ಎಳೆದೆ. ಅಲುಗಲಿಲ್ಲ. ಜೋರಾಗಿ ಎಳೆದೆ, ಉಗುರು ಬುಡದವರೆಗೆ ಸೀಳಿತು. ಕೀಲಿನ ಸಂದಿಯಲ್ಲಿ ನೋಡುತ್ತೇನೆ, ಬೂದುಬಣ್ಣದ ಮುದ್ದೆ: ಹೆಪ್ಪುಗಟ್ಟಿದ ಎಣ್ಣೆ, ಹಳೆಯ ಸೊನೆ, ಮಣ್ಣು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಶಿರಸಿ ಕಡೆಯ ಮಳೆಗಾಲಕ್ಕೆ ಅಷ್ಟು ಥಂಡಿ ಮಾಮೂಲು. ಹುಡುಗ ಇಕ್ಕಳ ಹಾಕಿ ಎಳೆದ. ಅಂಟು ಬಿಟ್ಟದ್ದೇ ತಡ, ಸ್ಪ್ರಿಂಗ್ ಟಪ್ಪೆಂದು ಅಲಗನ್ನು ಹೊರಗೆಸೆಯಿತು. ಹಿಡಿ ಹಿಡಿದಿದ್ದ ನನ್ನ ಅಂಗೈ ಅಡ್ಡಡ್ಡ ಸೀಳಿ, ರಕ್ತ ಕಡ್ಡಿಗಳ ಮೇಲೆಲ್ಲ ಸುರಿಯಿತು. ಹೊಲಿಗೆ ಹಾಕಿಸಿಕೊಂಡು ಬರುವಷ್ಟರಲ್ಲಿ ಕಡ್ಡಿಗಳು ಬಾಡಿಹೋಗಿದ್ದವು. ಮರುವರ್ಷ ಹೋದರೆ ದಂಡೆ ಕುಸಿದು ಮರವೇ ಹೊಳೆಪಾಲಾಗಿತ್ತು. ಆ ಜಾತಿಯ ಮಿಡಿ ಇನ್ನೆಲ್ಲಿ ಸಿಗಬೇಕು? ಭಾವ ಮಾತ್ರ ಇವತ್ತಿಗೂ ಹೇಳುವುದು, "ಚಾಕುವೇ ಲಡ್ಡು, ಎಣ್ಣೆ ಏನು ಮಾಡೀತು?"

ಅದೇ ಚಾಕು ಈಗಲೂ ನನ್ನ ಕೈಯಲ್ಲಿದೆ, ಬೆರಳಲ್ಲಿ ಮುಟ್ಟಿದರೆ ತೆರೆಯುತ್ತದೆ. ಮಾಡಿದ್ದಿಷ್ಟೇ: ಸೀಮೆಎಣ್ಣೆ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಕೀಲು ತೊಳೆದು ಒಣಗಿಸಿದೆ. ಡಬ್ಲ್ಯುಡಿ-40 ಕೂಡ ತೊಳೆಯಲು ನಡೆಯುತ್ತದೆ. 1953ರಲ್ಲಿ ಅದು ಹುಟ್ಟಿದ್ದೇ ನೀರು ಹೊರದಬ್ಬಲು. ಅದರ ಪಸೆ ಬೇಗ ಆರುವುದರಿಂದ ಅದೊಂದನ್ನೇ ನೆಚ್ಚಬಾರದು. ಆಮೇಲೆ ಸೂಜಿ ತುದಿಯಲ್ಲಿ ಒಂದೇ ಹನಿ ಹೊಲಿಗೆ ಮಿಷನ್ನಿನ ಎಣ್ಣೆ. ತೆರೆದು ಮಡಚಿ ಆಡಿಸಿ, ಹೊರಬಂದದ್ದನ್ನು ಒರೆಸಿಬಿಡಬೇಕು. ಗ್ರೀಸ್ ಬೇಡವೇ ಬೇಡ, ಜೇಬಿನ ಧೂಳೆಲ್ಲ ಅದಕ್ಕೇ. ಮರದ ಹಿಡಿ ನೀರು ಕುಡಿದು ಉಬ್ಬಿ ಅಲಗನ್ನು ಹಿಡಿದುಕೊಂಡಿದ್ದರೆ ಅದಕ್ಕೆ ಎಣ್ಣೆ ಮದ್ದಲ್ಲ, ಒಣಗಿಸಿ.

ಹಣ್ಣು ಹೆಚ್ಚುವ ಚಾಕುವಾದರೆ ಮೆಡಿಕಲ್ ಶಾಪಿನ ಲಿಕ್ವಿಡ್ ಪ್ಯಾರಾಫಿನ್ ಒಳ್ಳೆಯದು. ಕೊಬ್ಬರಿ ಎಣ್ಣೆಯಂತೆ ಕಮಟು ಹಿಡಿಯುವುದಿಲ್ಲ. ಹೊಟ್ಟೆ ಕಟ್ಟಿದವರಿಗೂ ಅದನ್ನೇ ಕೊಡುತ್ತಾರೆ, ನಾನು ಕೇಳಿದಾಗ ಅಂಗಡಿಯವರು ದನಿ ತಗ್ಗಿಸಿ "ಎಷ್ಟು ದಿನದಿಂದ?" ಎಂದರು. ಕಸಿಗೆ ಕೂರುವ ಮುನ್ನ ಮಾತ್ರ ಅಲಗನ್ನು ಸ್ಪಿರಿಟ್ಟಿನಲ್ಲಿ ಒರೆಸಿಕೊಳ್ಳಿ, ಎಣ್ಣೆ ತಾಗಿದ ಗಾಯ ಕೂಡಿಕೊಳ್ಳುವುದು ಕಷ್ಟ.